ನಮ್ಮ ಕನ್ನಡ ಶಾಲೆಗಳಿಗೆ ಕಂಪ್ಯೂಟರ್ ಬಂದ ಕಥೆ

"ಕನ್ನಡ ಮೀಡಿಯಂನಲ್ಲಿ ಓದಿದರೆ ಮಗು ಕಂಪ್ಯೂಟರ್, ಇಂಜಿನಿಯರಿಂಗ್ ಎಲ್ಲ ಕಲಿಯುವುದು ಹೇಗೆ ಟೀಚರ್?" ಒಂದನೇ ತರಗತಿಗೆ ಸೇರಿಸುವ ಮೊದಲು ಕಾಸರಗೋಡಿನ ಹೆತ್ತವರು ಕೇಳುವ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪಿಲ್ಲ. ಭಾಷಾಭಿಮಾನದ ಭಾಷಣ ಇದಕ್ಕೆ ಉತ್ತರವಾಗುವುದೂ ಇಲ್ಲ. ಕಳೆದ ಎರಡೂವರೆ ದಶಕಗಳಲ್ಲಿ ಕೇರಳದ ಸರಕಾರಿ, ಎಯ್ಡೆಡ್ ಶಾಲೆಗಳಲ್ಲಿ ಏನಾಯಿತು ಎಂಬುದನ್ನು ನೋಡಿದರೆ ಉತ್ತರದ ಬಹುಪಾಲು ಸಿಗುತ್ತದೆ. ನಮ್ಮ ಕಣ್ಣೆದುರೇ ನಡೆದದ್ದಾದ್ದರಿಂದ ಅದೂ ಒಂದು ಚರಿತ್ರೆ ಎಂದು ನಮಗೆ ಅನಿಸಿಲ್ಲ, ಅಷ್ಟೆ.

ಇದರ ಮೊದಲ ಪುಟದಲ್ಲಿ ಒಬ್ಬ ಕನ್ನಡಿಗರ ಹೆಸರಿದೆ. ಉಡುಪಿ ಸಮೀಪದ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು.ಆರ್. ರಾವ್ 1975ರ ಆರ್ಯಭಟ ಉಪಗ್ರಹದ ಕೆಲಸವನ್ನು ಮುನ್ನಡೆಸಿದವರು, 1984ರಿಂದ 1994ರ ತನಕ ಇಸ್ರೋದ ಅಧ್ಯಕ್ಷರಾಗಿದ್ದವರು. ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ ಹೇಗೆ ಬರಬೇಕು ಎಂದು ಕೇರಳ ಸರಕಾರಕ್ಕೆ ಶಿಫಾರಸು ಮಾಡಿದ ಕಾರ್ಯಪಡೆಗೆ ಇವರೇ ಅಧ್ಯಕ್ಷರು. ಆ ಶಿಫಾರಸಿನ ಮೇಲೆ 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. ಮುಂದೆ ಹೈಸ್ಕೂಲಿನಲ್ಲಿ ಐ.ಟಿ. ಕಡ್ಡಾಯ ವಿಷಯವಾಯಿತು, ಎಸ್.ಎಸ್.ಎಲ್.ಸಿ.ಯಲ್ಲಿ ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಬಂತು.

ಕಂಪ್ಯೂಟರ್ ಪೆಟ್ಟಿಗೆಗಳನ್ನು ಶಾಲೆಗೆ ಇಳಿಸುವುದು ಕಷ್ಟದ ಕೆಲಸವಲ್ಲ. ಹಣವಿದ್ದರೆ ಆಯಿತು. ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುವ ಯಂತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಈ ಯೋಜನೆ ಹಾಗಾಗದೆ ಉಳಿದದ್ದಕ್ಕೆ ಮುಖ್ಯ ಕಾರಣ, ಕಲಿಸುವ ಕೆಲಸವನ್ನು ಹೊರಗಿನವರಿಗೆ ಗುತ್ತಿಗೆ ಕೊಡದೆ ಶಾಲೆಯ ಅಧ್ಯಾಪಕರಿಗೇ ಒಪ್ಪಿಸಿದ್ದು. ಗಣಿತ, ಭೌತಶಾಸ್ತ್ರ, ಭಾಷೆ ಕಲಿಸುತ್ತಿದ್ದವರಿಂದಲೇ ಆಯ್ದು ಮಾಸ್ಟರ್ ಟ್ರೈನರ್‌ಗಳನ್ನು ಮಾಡಿದರು. ಅವರು ಉಳಿದವರಿಗೆ ಕಲಿಸಿದರು. ಪ್ರತಿ ಹೈಸ್ಕೂಲಿನಲ್ಲಿ ಒಬ್ಬ ಅಧ್ಯಾಪಕರು ಐ.ಟಿ. ಕೋ-ಆರ್ಡಿನೇಟರ್ ಆದರು. ಕನ್ನಡ ಶಾಲೆಗೆ ಇದರಿಂದ ಆದ ಲಾಭ ದೊಡ್ಡದು. ಗುತ್ತಿಗೆಯವರು ಬಂದಿದ್ದರೆ ಅವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ. ನಮ್ಮದೇ ಟೀಚರು, ಮಾಷ್ಟ್ರು ಕಲಿತದ್ದರಿಂದ ಮೌಸ್ ಹಿಡಿಯುವ ಪಾಠವೂ ಕನ್ನಡದಲ್ಲೇ ನಡೆಯಿತು.

ಎರಡನೆಯ ತಿರುವು ತಂತ್ರಾಂಶದ್ದು. ಆರಂಭದಲ್ಲಿ ಶಾಲೆಗಳಲ್ಲಿ ಕಲಿಸುತ್ತಿದ್ದದ್ದು ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್. ಸರಕಾರದ ದುಡ್ಡಿನಲ್ಲಿ ಒಂದು ಖಾಸಗಿ ಕಂಪೆನಿಯ ಸರಕನ್ನೇ ಯಾಕೆ ಪಾಠ ಮಾಡಬೇಕು ಎಂದು ಅಧ್ಯಾಪಕ ಸಂಘಟನೆಗಳೂ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರೂ ಕೇಳಿದರು. ಚರ್ಚೆ ಜೋರಾಗಿಯೇ ನಡೆಯಿತು. ಶಾಲೆಗಳು ಹಂತ ಹಂತವಾಗಿ ಲಿನಕ್ಸಿಗೆ ಬದಲಾದವು. 2008ರ ಹೊತ್ತಿಗೆ ಎಸ್.ಎಸ್.ಎಲ್.ಸಿ. ಐ.ಟಿ. ಪರೀಕ್ಷೆ ಪೂರ್ತಿಯಾಗಿ ಸ್ವತಂತ್ರ ತಂತ್ರಾಂಶದಲ್ಲೇ ನಡೆಯುವಂತಾಯಿತು. ಲೈಸೆನ್ಸಿಗೆ ಕೊಡಬೇಕಾದ ಹಣ ಉಳಿಯಿತು ಎಂಬುದು ಎಲ್ಲರೂ ಹೇಳುವ ಮಾತು. ನಮ್ಮಂಥ ಸಣ್ಣ ಮಾಧ್ಯಮದವರಿಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಸ್ವತಂತ್ರ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಒಂದು ಜಿಲ್ಲೆಯ ಕೆಲವು ಸಾವಿರ ಮಕ್ಕಳಿಗಾಗಿ ಯಾವ ಕಂಪೆನಿಯೂ ತನ್ನ ಸರಕನ್ನು ಕನ್ನಡಕ್ಕೆ ತಿರುಗಿಸುವುದಿಲ್ಲ. ಇಲ್ಲಿ ಕಂಪೆನಿಯ ಅಪ್ಪಣೆಗೆ ಕಾಯಬೇಕಾಗಿಲ್ಲ.

ಬದಲಾವಣೆ ಸುಲಭವೂ ಆಗಿರಲಿಲ್ಲ. ಆಗ ಕನ್ನಡ ಟೈಪಿಂಗ್ ಎಂದರೆ ನುಡಿ ಅಥವಾ ಬರಹ. ಎರಡೂ ವಿಂಡೋಸಿಗಾಗಿ ಮಾಡಿದವು. ಹಳೆಯ ಫಾಂಟಿನಲ್ಲಿ ಮಾಡಿದ ಪ್ರಶ್ನೆಪತ್ರಿಕೆಯನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು. ಯೂನಿಕೋಡ್ ಬಂದು, ಲೋಹಿತ್‌ನಂಥ ಮುಕ್ತ ಫಾಂಟುಗಳು ಲಿನಕ್ಸಿನ ಜೊತೆಗೇ ಸಿಗತೊಡಗಿದ ಮೇಲೆ ಈ ತಾಪತ್ರಯ ಕಡಿಮೆಯಾಯಿತು.

ಗಣಿತಕ್ಕಾದ ಉಪಕಾರವನ್ನು ಹೇಳದೆ ಇರಲಾರೆ. ಜಿಯೋಜೀಬ್ರಾ ಎಂಬ ತಂತ್ರಾಂಶವನ್ನು 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿ ಆರಂಭಿಸಿದರು. ಅದು ನಮ್ಮ ಶಾಲೆಗಳ ಕಂಪ್ಯೂಟರಿನಲ್ಲೂ ಬಂತು. ತ್ರಿಕೋನದ ಒಂದು ತುದಿಯನ್ನು ಮೌಸಿನಿಂದ ಎಳೆದರೆ ಮೂರು ಕೋನಗಳ ಅಳತೆಯೂ ಬದಲಾಗುತ್ತದೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಹತ್ತು ತ್ರಿಕೋನ ಬಿಡಿಸಿದರೂ ಒಪ್ಪದ ಹುಡುಗ ಇದನ್ನು ನೋಡಿ ಒಪ್ಪುತ್ತಾನೆ. ಆಮೇಲೆ "ಯಾಕೆ?" ಎಂದು ಕೇಳುತ್ತಾನೆ. ಸಾಧನೆಯ ಪಾಠ ಅಲ್ಲಿಂದ ಶುರುಮಾಡಬಹುದು.

ಆಕಾಶದಿಂದಲೂ ಸಹಾಯ ಬಂತು. ಶಿಕ್ಷಣಕ್ಕಾಗಿಯೇ ಮಾಡಿದ ಎಜುಸ್ಯಾಟ್ ಉಪಗ್ರಹವನ್ನು ಇಸ್ರೋ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಹಾರಿಸಿತು. ಅದನ್ನು ಬಳಸುವ ವಿಕ್ಟರ್ಸ್ ವಾಹಿನಿಯನ್ನು 2005ರ ಜುಲೈ 28ರಂದು ತಿರುವನಂತಪುರದಲ್ಲಿ ಅಂದಿನ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಉದ್ಘಾಟಿಸಿದರು. 2017ರಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆ ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. 2018ರಲ್ಲಿ ಆರಂಭವಾದ ಹೈಟೆಕ್ ಯೋಜನೆ 8ರಿಂದ 12ರ ವರೆಗಿನ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಡಲು ಹೊರಟಿತು. ಅದೇ ವರ್ಷ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಸಂಘಗಳು ಹುಟ್ಟಿದವು. ಎನಿಮೇಶನ್, ಪ್ರೋಗ್ರಾಮಿಂಗ್, ಇಲೆಕ್ಟ್ರಾನಿಕ್ಸ್ ಎಲ್ಲ ಅಲ್ಲಿ ಮಕ್ಕಳ ಕೈಗೆ ಬಂದವು. 2024ರಲ್ಲಿ ಏಳನೇ ತರಗತಿಯ ಐ.ಸಿ.ಟಿ. ಪುಸ್ತಕದಲ್ಲಿ ಕೃತಕ ಬುದ್ಧಿಮತ್ತೆಯ ಪಾಠ ಬಂತು. ಆ ಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆ ಕನ್ನಡದಲ್ಲೂ ಇದೆ. 2025ರಲ್ಲಿ ಹತ್ತನೇ ತರಗತಿಯ ಎಲ್ಲ ಮಕ್ಕಳಿಗೂ ರೋಬೋಟಿಕ್ಸ್ ಪಾಠವಾಯಿತು.

ಹಾಗಾದರೆ ಕನ್ನಡದ ಮಕ್ಕಳಿಗೆ ಎಲ್ಲವೂ ಸಮವಾಗಿ ಸಿಕ್ಕಿತೇ? ಇಲ್ಲ. ಕೊರೊನಾ ಕಾಲದಲ್ಲಿ, 2020ರ ಜೂನ್ 1ರಂದು, ಫಸ್ಟ್ ಬೆಲ್ ತರಗತಿಗಳು ಆರಂಭವಾದಾಗ ವಿಕ್ಟರ್ಸ್ ವಾಹಿನಿಯ ಮುಖ್ಯ ಪ್ರಸಾರ ಮಲಯಾಳದಲ್ಲಿ ಇತ್ತು. ಕನ್ನಡದ ಪಾಠಗಳು ಯೂಟ್ಯೂಬ್ ಮತ್ತು ಸ್ಥಳೀಯ ಕೇಬಲಿನ ದಾರಿ ಹಿಡಿಯಬೇಕಾಯಿತು. ಮನೆಯಲ್ಲಿ ಟಿವಿ ಮಾತ್ರ ಇದ್ದು ಇಂಟರ್‌ನೆಟ್ಟೂ ಕೇಬಲ್ಲೂ ಇಲ್ಲದ ಮಗುವಿಗೆ ಈ ವ್ಯತ್ಯಾಸ ಸಣ್ಣದಲ್ಲ. ಲಿಟಲ್ ಕೈಟ್ಸ್ ತರಬೇತಿಯಲ್ಲಿ ಮಲಯಾಳಂ ಕಂಪ್ಯೂಟಿಂಗ್ ಎಂಬ ಭಾಗವಿದೆ. ಅದಕ್ಕೆ ಸಮನಾಗಿ ಕನ್ನಡ ಕಂಪ್ಯೂಟಿಂಗ್ ಬೇಕಾದರೆ ನಾವೇ ಕೇಳಬೇಕು, ಪಾಠವನ್ನು ಸಿದ್ಧಮಾಡಿಯೂ ಕೊಡಬೇಕು. ತಿದ್ದಲು, ಹಂಚಲು ಬರುವ ತಂತ್ರಾಂಶ ಹೇಗೂ ನಮ್ಮ ಶಾಲೆಯಲ್ಲೇ ಇದೆ.

ಆದ್ದರಿಂದ ಹೆತ್ತವರಿಗೆ ನಾನು ಹೇಳುವುದು ಇಷ್ಟು. ನಿಮ್ಮ ಮಗು ಕನ್ನಡ ಮಾಧ್ಯಮದಲ್ಲಿ ಓದಿದರೂ ಸರ್ಕ್ಯೂಟ್, ಸೆನ್ಸರ್, ಪ್ರೋಗ್ರಾಂ ಎಲ್ಲವನ್ನೂ ಸರಕಾರಿ ಶಾಲೆಯಲ್ಲೇ, ಕನ್ನಡ ಪುಸ್ತಕದಿಂದಲೇ ಕಲಿಯುತ್ತದೆ. ಕೆಲವು ಸವಲತ್ತು ಕನ್ನಡದಲ್ಲಿ ಬರುವಾಗ ತಡವಾಗಬಹುದು, ಕೆಲವನ್ನು ಕೇಳಿ ಪಡೆಯಬೇಕಾಗಬಹುದು. ರಕ್ಷಕ-ಶಿಕ್ಷಕ ಸಂಘದ ಸಭೆಗೆ ತಪ್ಪದೆ ಬನ್ನಿ, ನಮ್ಮ ಜೊತೆ ಸೇರಿ ಕೇಳಿ.

ಇನ್ನು ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ನಿಮ್ಮ ಶಾಲೆಗೆ ಮೊದಲ ಕಂಪ್ಯೂಟರ್ ಯಾವಾಗ ಬಂತು, ಮೊದಲು ತರಬೇತಿಗೆ ಹೋದವರು ಯಾರು, ಕನ್ನಡದಲ್ಲಿ ಮೊದಲು ಟೈಪ್ ಮಾಡಿದ್ದು ಏನು, ಇದನ್ನೆಲ್ಲ ಸ್ಟಾಕ್ ರಿಜಿಸ್ಟರ್ ನೋಡಿ ಒಂದು ಪುಟ ಬರೆದಿಡಿ. ಆಗ ಕಲಿಸಿದ ಅನೇಕರು ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಅವರು ಹೋಗುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.