ಮನೆಗೆ ಹೋಗುವ ಪುಸ್ತಕ, ಮನೆಗೆ ಹೋಗದ ಮೊಬೈಲು

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಯಾವುದೇ ಗ್ರಾಮ ಪಂಚಾಯಿತಿಯ ಮನೆ ತೆರಿಗೆ ರಸೀದಿಯನ್ನು ನೋಡಿ. ತೆರಿಗೆಯ ಕೆಳಗೆ ಆರೋಗ್ಯ, ಶಿಕ್ಷಣ, ಭಿಕ್ಷುಕರ ಕರಗಳ ಜೊತೆ ಗ್ರಂಥಾಲಯ ಕರವೂ ಇದೆ. ಅದು ತೆರಿಗೆಯ ಶೇ 6. ನೂರು ರೂಪಾಯಿ ಕಟ್ಟುವ ರೈತ ಮೇಲೆ ಆರು ರೂಪಾಯಿಯನ್ನು ಊರಿನ ಓದಿಗೆಂದು ಕೊಡುತ್ತಿದ್ದಾನೆ.

ಈ ಹಣಕ್ಕೆ ಕಾನೂನಿನ ಬಲ ಬಂದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ. ಅದಕ್ಕೂ ಮೊದಲು ಈ ಸೀಮೆಯ ಬಹುಭಾಗ ಮುಂಬೈ ಪ್ರಾಂತ್ಯದಲ್ಲಿತ್ತು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಮುಂಬೈ ಸರ್ಕಾರ 1939ರಲ್ಲಿ ನೇಮಿಸಿದ ಫೈಜಿ ಸಮಿತಿ ಹಳ್ಳಿಯವರೆಗೂ ಗ್ರಂಥಾಲಯಗಳ ಸರಣಿ ಬೇಕೆಂದಿತು, ಆದರೆ ಅದಕ್ಕೆ ಹಣ ಅನುದಾನದಿಂದಲೇ ಬರಬೇಕಿತ್ತು. ಎಸ್.ಆರ್. ರಂಗನಾಥನ್ ಅವರ ಚಿಂತನೆಯ ಪ್ರಭಾವವಿದ್ದ 1965ರ ಕಾಯ್ದೆ ಕರದ ದಾರಿ ಹಿಡಿಯಿತು. ಕೊಡುವವರ ಮರ್ಜಿ ಕಾಯುವ ಅನುದಾನಕ್ಕೂ ಜನರೇ ಕಟ್ಟಿದ ಕರಕ್ಕೂ ಅಜಗಜಾಂತರ. ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ಪೂರ್ತಿ ದಾಟಿಸದೆ ಉಳಿಸಿಕೊಂಡದ್ದು ಮಾತ್ರ ರಾಜ್ಯದ ದೊಡ್ಡ ಲೋಪ.

2019ರಲ್ಲಿ ಐದು ಸಾವಿರಕ್ಕೂ ಹೆಚ್ಚು ಹಳ್ಳಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷವೇ ಕೋವಿಡ್. ಶಾಲೆ ಮುಚ್ಚಿತು, ಪಾಠ ಮೊಬೈಲಿಗೆ ಹೋಯಿತು, ಮನೆಯ ಒಂದೇ ಮೊಬೈಲು ಅಪ್ಪನ ಜೊತೆ ಹೊಲಕ್ಕೆ ಹೋಯಿತು. ಗುಡಿಕಟ್ಟೆ, ಪಡಸಾಲೆಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳಲು ವಿದ್ಯಾಗಮ ಹುಟ್ಟಿದ್ದು ಆಗಲೇ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಈ ಗ್ರಂಥಾಲಯಗಳ ಉಚಿತ ಸದಸ್ಯತ್ವ ಕೊಟ್ಟಿತು. ಗ್ರಂಥಾಲಯಗಳಿಗೆ ಅರಿವು ಕೇಂದ್ರವೆಂಬ ಹೆಸರು, ಗೋಡೆಗೆ ಬಣ್ಣ ಆಮೇಲೆ ಬಂದವು. ಡೆಲ್ ಕಂಪನಿ ಮತ್ತು ಶಿಕ್ಷಣ ಫೌಂಡೇಶನ್ ಜೊತೆಗೂಡಿದ ‘ಗ್ರಾಮ ಡಿಜಿ ವಿಕಸನ’ದಿಂದ ಸಾಕಷ್ಟು ಗ್ರಂಥಾಲಯಗಳಿಗೆ ಮೊಬೈಲು, ಟಿವಿಗಳು ತಲುಪಿದವು. ಇದು ಸಣ್ಣ ಸಾಧನೆಯಲ್ಲ.

ಆದರೂ ನನಗೆ ಸಮಾಧಾನವಿಲ್ಲ. ಹುಡುಗಿಯೊಬ್ಬಳು ಕತೆಪುಸ್ತಕ ಬೇಕೆಂದರೆ ಮೇಲ್ವಿಚಾರಕರು ರಿಜಿಸ್ಟರಿನಲ್ಲಿ ಹೆಸರು, ತಾರೀಖು ಬರೆದು ಸಹಿ ಹಾಕಿಸಿ ಕೊಡುತ್ತಾರೆ. ಪುಸ್ತಕ ಮನೆಗೆ ಹೋಗುತ್ತದೆ. ಮೊಬೈಲನ್ನು ಅಲ್ಲೇ ಕೂತು ನೋಡಬೇಕು, ಸಂಜೆಗೆ ಅದು ಕಪಾಟು ಸೇರುತ್ತದೆ. ಹಗಲೆಲ್ಲ ಗೋವಿನಜೋಳ ಸುಲಿಯಲು ಹೋದವಳು ದೀಪ ಹಚ್ಚುವ ಹೊತ್ತಿಗೆ ಬಂದರೆ ಬಾಗಿಲಿಗೆ ಬೀಗ. ಎರವಲು ಕೊಡುವುದೇ ಗ್ರಂಥಾಲಯದ ಜೀವ. ಸಲಕರಣೆಯ ವಿಷಯದಲ್ಲಿ ಅದು ಇನ್ನೂ ವಾಚನಾಲಯವಾಗಿಯೇ ಉಳಿದಿದೆ.

ಅಮೆರಿಕದ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ದಶಕದ ಹಿಂದೆಯೇ ಇಂಟರ್ನೆಟ್ ಇಲ್ಲದ ಮನೆಗಳಿಗೆ ಹಾಟ್‌ಸ್ಪಾಟ್ ಎರವಲು ಕೊಡತೊಡಗಿತು. ಕೋವಿಡ್ ಕಾಲಕ್ಕೆ ಅಲ್ಲಿನ ಸಂಸತ್ತು ಸುಮಾರು 700 ಕೋಟಿ ಡಾಲರಿನ ತುರ್ತು ನಿಧಿ ತೆರೆಯಿತು. ಅದು ಮುಗಿದ ಮೇಲೆ, 2024ರ ಜುಲೈನಲ್ಲಿ, ದೂರಸಂಪರ್ಕ ಆಯೋಗ ಈ ಎರವಲಿಗೆ, ಶಾಲೆ-ಗ್ರಂಥಾಲಯಗಳ ಇಂಟರ್ನೆಟ್ಟಿಗೆ ನೆರವಾಗುವ ಇ-ರೇಟ್ ನಿಧಿಯಿಂದ ಹಣ ಕೊಡಲು ಒಪ್ಪಿತು. 2025ರ ಸೆಪ್ಟೆಂಬರಿನಲ್ಲಿ ಅದೇ ಆಯೋಗ ಒಪ್ಪಿಗೆ ಹಿಂತೆಗೆದುಕೊಂಡಿತು. ಮೇಲಿಂದ ಬರುವ ಹಣವನ್ನು ನೆಚ್ಚಿ ಎರವಲು ವ್ಯವಸ್ಥೆ ಕಟ್ಟಿದರೆ ಹೀಗೂ ಆಗುತ್ತದೆ.

ನಮ್ಮಲ್ಲಿ ಸಲಕರಣೆ ಕೊಳ್ಳಲು ಕಂಪನಿಗಳ ಸಿಎಸ್ಆರ್ ಹಣ ಸಿಗುತ್ತದೆ. ತಿಂಗಳ ರೀಚಾರ್ಜು, ಬ್ಯಾಟರಿ ಬದಲಾವಣೆ, ಒಡೆದ ಸ್ಕ್ರೀನಿನ ರಿಪೇರಿಗೆ ದಾನಿಗಳು ಸಿಗುವುದು ಕಷ್ಟ. ಗ್ರಂಥಾಲಯ ಕರ ಹೋಗಬೇಕಾದದ್ದು ಅಲ್ಲಿಗೆ. ಕೆಲವು ಪಂಚಾಯಿತಿಗಳ ವಸೂಲಿ ಸಾಲದಿದ್ದರೆ ರಾಜ್ಯ ತುಂಬಿಕೊಡಲಿ.

ಹಣಕ್ಕಿಂತ ಕಠಿಣವಾದದ್ದು ಭಯ. ಮೊಬೈಲು ಕಳೆದರೆ ತುಂಬಿಕೊಡುವವರು ಯಾರು? ಕಡಿಮೆ ಸಂಬಳದ ಮೇಲ್ವಿಚಾರಕರು ಅದನ್ನು ಕಪಾಟಿನಿಂದ ಹೊರಗೆ ಬಿಡದಿದ್ದರೆ ತಪ್ಪು ಅವರದ್ದಲ್ಲ. ಪುಸ್ತಕಗಳ ವಿಷಯದಲ್ಲಿ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಾವಳಿ ಉದಾರವಾಗಿದೆ: ವರ್ಷದಲ್ಲಿ ಓದಲು ಕೊಟ್ಟ ಸಾವಿರಕ್ಕೆ ಐದು ಪುಸ್ತಕ ಕಳೆದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದಲ್ಲಿ, ಅದು ಸಹಜ ನಷ್ಟ. ಅರಿವು ಕೇಂದ್ರದ ಮೊಬೈಲಿಗೂ ಅಂಥದೊಂದು ಸಾಲನ್ನು ಇಲಾಖೆ ಬರೆದು ಕೊಡಬೇಕು, ಹೊಸ ಮೊಬೈಲು ಕೊಳ್ಳುವ ಮೊದಲೇ.