ವೆಬ್ ಪ್ರೋಗ್ರಾಮಿಂಗ್ ಶಿಕ್ಷಣ, ಕರ್ನಾಟಕದಲ್ಲಿ

ಬಳಕೆದಾರ ಕೇಳಿದ ಕ್ಷಣದಲ್ಲಿ ಡೇಟಾಬೇಸಿನಿಂದ ಮಾಹಿತಿ ತೆಗೆದು ಪುಟ ಸಿದ್ಧಪಡಿಸಿಕೊಡುವ ಜಾಲತಾಣಗಳನ್ನು ಡೈನಾಮಿಕ್ ಜಾಲತಾಣಗಳೆನ್ನುತ್ತಾರೆ. ಇವುಗಳ ರಚನೆ ಕರ್ನಾಟಕದ ಬಿಇ, ಬಿಸಿಎ, ಎಂಸಿಎ ತರಗತಿಗಳಲ್ಲಿ ಪಠ್ಯವಿಷಯ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ವಿದ್ಯಾರ್ಥಿಗೆ ಇದು ಮುಖ್ಯವಾಗಿ ಎರಡು ದಾರಿಗಳಲ್ಲಿ ಸಿಗುತ್ತದೆ: ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದ ಎಂಜಿನಿಯರಿಂಗ್ ಕಾಲೇಜು, ಇಲ್ಲವೇ ಬಿಸಿಎ ಇರುವ ಪದವಿ ಕಾಲೇಜು. ಈ ಭಾಗದ ಪದವಿ ಕಾಲೇಜುಗಳು ಮೊದಲು ಬೆಂಗಳೂರು ವಿಶ್ವವಿದ್ಯಾಲಯದಲ್ಲಿದ್ದವು. ಅದು ಹೋಳಾದ ಮೇಲೆ, 2017ರಿಂದ, ಕೋಲಾರದಲ್ಲಿ ಕೇಂದ್ರವಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಬಂದವು.

ವಿಷಯದ ಬೇರುಗಳು ಹೊರಗಿನವು. ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಡೇಟಾಬೇಸಿನ ಕಲ್ಪನೆ ಕೊಟ್ಟರು. 1993ರಲ್ಲಿ ಸಿಜಿಐ ಬಂದು ವೆಬ್ ಸರ್ವರು ಬೇರೊಂದು ಪ್ರೋಗ್ರಾಮನ್ನು ಓಡಿಸಿ ಅದರ ಉತ್ತರವನ್ನೇ ಪುಟವಾಗಿ ಕಳಿಸುವಂತಾಯಿತು. ಪಿಎಚ್‌ಪಿ, ಮೈಎಸ್‌ಕ್ಯೂಎಲ್, ಜಾವಾಸ್ಕ್ರಿಪ್ಟ್ ಮೂರೂ ಹೊರಬಂದದ್ದು 1995ರಲ್ಲಿ. ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದೂ ಅದೇ ವರ್ಷದ ಆಗಸ್ಟ್ 15ರಂದು.

ವಿಟಿಯು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾಗಿ, ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಪಠ್ಯಕ್ರಮ ತಂದಿತು. 2006 ಮತ್ತು 2010ರ ಪಠ್ಯಕ್ರಮಗಳಲ್ಲಿ, ಅಂದರೆ ಸ್ಕೀಮ್‌ಗಳಲ್ಲಿ, ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಏಳನೇ ಸೆಮಿಸ್ಟರಿನಲ್ಲಿ ವೆಬ್ ಪ್ರೋಗ್ರಾಮಿಂಗ್ ಪಾಠವೂ ಲ್ಯಾಬೂ ಇದ್ದವು. ರಾಬರ್ಟ್ ಸೆಬೆಸ್ಟಾ ಅವರ ಪುಸ್ತಕ ಪಠ್ಯ. ಪರ್ಲ್, ಪಿಎಚ್‌ಪಿ, ರೂಬಿ ಆನ್ ರೈಲ್ಸ್ ಎಲ್ಲವೂ ಒಂದೇ ಸೆಮಿಸ್ಟರಿಗೆ. ಪುಸ್ತಕದ ಪ್ರವೇಶ ಸಂಖ್ಯೆ, ಶೀರ್ಷಿಕೆ, ಲೇಖಕರು, ಆವೃತ್ತಿ, ಪ್ರಕಾಶಕರನ್ನು ಫಾರ್ಮಿನಿಂದ ಪಡೆದು ಮೈಎಸ್‌ಕ್ಯೂಎಲ್‌ಗೆ ಸೇರಿಸಿ, ಶೀರ್ಷಿಕೆ ಕೊಟ್ಟಾಗ ಹುಡುಕಿ ತೋರಿಸುವ ಅಭ್ಯಾಸ ಆ ಲ್ಯಾಬಿನಲ್ಲಿ ಪಿಎಚ್‌ಪಿಗೂ ಇತ್ತು, ರೈಲ್ಸ್‌ಗೂ ಇತ್ತು. ಹುರುಳಿದ್ದದ್ದು ಇಲ್ಲೇ. ಒಂದರಲ್ಲಿ ಡೇಟಾಬೇಸಿಗೆ ಕೊಡುವ ಎಸ್‌ಕ್ಯೂಎಲ್ ಸಾಲನ್ನು ಕೈಯಾರೆ ಬರೆಯಬೇಕು, ಇನ್ನೊಂದರಲ್ಲಿ ರೈಲ್ಸ್ ಚೌಕಟ್ಟೇ ಅದನ್ನು ಬರೆದುಕೊಳ್ಳುತ್ತದೆ. ಎರಡನ್ನೂ ಮಾಡಿದವನಿಗೆ ಒಳಗೆ ನಡೆಯುವುದೇನೆಂದು ತಿಳಿಯುತ್ತಿತ್ತು. ಲ್ಯಾಬ್ ರೆಕಾರ್ಡಿಗಾಗಿ ಬಾಯಿಪಾಠ ಮಾಡಿದವನಿಗೆ ವೈವಾದಲ್ಲಿ ತನ್ನ ಕೊರತೆ ಗೊತ್ತಾಗುತ್ತಿತ್ತು.

2015ರ ಸ್ಕೀಮ್ ಪರ್ಲ್, ರೂಬಿಗಳನ್ನು ಬಿಟ್ಟು ಪಿಎಚ್‌ಪಿಯೊಂದನ್ನೇ ಹಿಡಿಯಿತು, ಜೊತೆಗೆ ಮಿನಿ ಪ್ರಾಜೆಕ್ಟ್ ಸೇರಿಸಿತು. ಆ ಲ್ಯಾಬಿನ ಒಂದು ಪ್ರಶ್ನೆ ವಿದ್ಯಾರ್ಥಿಗಳಲ್ಲಿ ಹೆಸರುವಾಸಿ: ಮಿಸಿಸಿಪಿ, ಅಲಬಾಮಾ, ಟೆಕ್ಸಾಸ್, ಮ್ಯಾಸಚೂಸೆಟ್ಸ್, ಕಾನ್ಸಾಸ್ ಎಂಬ ಐದು ಹೆಸರುಗಳಿಂದ ಬೇಕಾದ ಅಕ್ಷರಗಳಲ್ಲಿ ಮುಗಿಯುವುದನ್ನು ಆರಿಸಬೇಕು. ಬರೆಯಬೇಕಾದದ್ದು ಪಿಎಚ್‌ಪಿ, ಫೈಲಿಗೆ ಕೊಟ್ಟ ಹೆಸರಿನ ಬಾಲ ಮಾತ್ರ ಪೈಥಾನಿನದು. ಅಮೆರಿಕದ ರಾಜ್ಯಗಳ ಜಾಗದಲ್ಲಿ ನಮ್ಮ ಹೋಬಳಿಗಳನ್ನಿಟ್ಟಿದ್ದರೆ ಪಾಠ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಚನ್ನರಾಯಪಟ್ಟಣ ಹಾಸನ ಜಿಲ್ಲೆಯಲ್ಲೂ ಇದೆ, ಅಲ್ಲಿ ಅದು ತಾಲ್ಲೂಕು ಕೇಂದ್ರ. ಬರೀ ಹೆಸರಿನಿಂದ ಹುಡುಕಿದರೆ ಎರಡೂರಿನ ದಾಖಲೆಗಳು ಬೆರೆತುಹೋಗುತ್ತವೆ. ಪ್ರತಿ ದಾಖಲೆಯನ್ನೂ ಬೇರೆಯಾಗಿ ಗುರುತಿಸುವ ಪ್ರೈಮರಿ ಕೀ ಏಕೆ ಬೇಕೆಂಬುದಕ್ಕೆ ಬೇರೆ ಉದಾಹರಣೆ ಬೇಡ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದ ರಾಜ್ಯದ ಭೂಮಿ ಯೋಜನೆ ಎದುರಿಸಬೇಕಾದ ಸಮಸ್ಯೆಯೂ ಇದೇ ಜಾತಿಯದು.

ಪಠ್ಯ ಹೆಚ್ಚು ಮುಟ್ಟದ ಇನ್ನೊಂದು ಸಂಗತಿ ಕನ್ನಡ. ಅಕ್ಷರಗಳ ಸಂಕೇತಪಟ್ಟಿಯಾದ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಯುಟಿಎಫ್-8ರಲ್ಲಿ ಅದರ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಮೈಎಸ್‌ಕ್ಯೂಎಲ್ ಮಾತ್ರ 2018ರ 8.0 ಆವೃತ್ತಿ ಬರುವವರೆಗೆ ತಾನಾಗಿ ಆರಿಸಿಕೊಳ್ಳುತ್ತಿದ್ದದ್ದು ಲ್ಯಾಟಿನ್-1 ಲಿಪಿಗಣವನ್ನು. ಇದನ್ನು ಬದಲಿಸದೆ ಫಾರ್ಮಿನಲ್ಲಿ ಕನ್ನಡದ ಹೆಸರು ತುಂಬಿದವರಿಗೆ ಸಿಗುತ್ತಿದ್ದದ್ದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಪಿಎಚ್‌ಪಿಯಲ್ಲಿ ಬರೆದ ಮೀಡಿಯಾವಿಕಿ ತಂತ್ರಾಂಶದ ಮೇಲೆ ಕನ್ನಡ ವಿಕಿಪೀಡಿಯ 2003ರಿಂದಲೇ ನಡೆಯುತ್ತಿದೆ. ಹಾಗಾಗಿ ದೋಷ ಉಪಕರಣದ್ದಲ್ಲ, ಕಲಿಸದಿದ್ದುದರದ್ದು.

ಬಿಸಿಎಯಲ್ಲಿ ಬದಲಾವಣೆ ನಿಧಾನ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಬಂದ ಪಠ್ಯದಲ್ಲೂ ಆರನೇ ಸೆಮಿಸ್ಟರಿಗೆ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಜೋಡಿಯೇ ಉಳಿಯಿತು. 2024ರಲ್ಲಿ ರಾಜ್ಯ ಆ ನೀತಿಯ ಪದವಿ ವ್ಯವಸ್ಥೆ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ವಿಟಿಯು 2021ರ ಸ್ಕೀಮಿನಲ್ಲಿ ಫುಲ್ ಸ್ಟ್ಯಾಕ್ ಡೆವಲಪ್‌ಮೆಂಟ್ ಎಂಬ ಹೆಸರಿನಲ್ಲಿ ಪೈಥಾನಿನ ಜ್ಯಾಂಗೋ ಚೌಕಟ್ಟನ್ನು ತಂದಿತು. ಜ್ಯಾಂಗೋ ಎಸ್‌ಕ್ಯೂಎಲ್ ಅನ್ನು ತಾನೇ ಬರೆದುಕೊಳ್ಳುವುದರಿಂದ, ಆ ಭಾಷೆಯನ್ನು ಕೈಯಾರೆ ಬರೆಸುವ ಹೊಣೆ ಬಹುತೇಕ ಡೇಟಾಬೇಸ್ ನಿರ್ವಹಣೆಯ (ಡಿಬಿಎಂಎಸ್) ಲ್ಯಾಬಿನ ಪಾಲಿಗೆ ಬಂತು.