ಸೈನ್ಯದ ದಂತವೈದ್ಯರು ಗುತ್ತಿಗೆಯಲ್ಲಿ ಕಳೆದ ಹತ್ತು ವರ್ಷ

ಗುತ್ತಿಗೆ ಕೆಲಸ ಅಂದರೇನು ಎಂದು ನಮ್ಮ ಊರುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಂಬಳ ಬರುತ್ತದೆ, ಭದ್ರತೆ ಬರುವುದಿಲ್ಲ. ಅಮೆರಿಕದ ಸೈನ್ಯದ ದಂತವೈದ್ಯರ ಕಥೆಯೂ ಒಂದು ಕಾಲಕ್ಕೆ ಹೀಗೇ ಇತ್ತು.

1901ರ ಫೆಬ್ರವರಿಯಲ್ಲಿ ಬಂದ ಕಾನೂನು ಅಲ್ಲಿ ಹೆಚ್ಚೆಂದರೆ 30 ದಂತವೈದ್ಯರನ್ನು ಗುತ್ತಿಗೆಗೆ ತೆಗೆದುಕೊಳ್ಳಲು ಒಪ್ಪಿತು. ಸಂಬಳ ತಿಂಗಳಿಗೆ 150 ಡಾಲರ್. ಮೊದಲು ನೇಮಕವಾದವರು ಜಾನ್ ಸೇರ್ ಮಾರ್ಷಲ್. ಕೆಲವರು ದೂರದ ಫಿಲಿಪ್ಪೀನ್ಸ್‌ಗೂ ಹೋಗಿ ಸೈನಿಕರ ಹಲ್ಲು ನೋಡಿದರು. ಆದರೆ ಅವರಿಗೆ ಅಧಿಕಾರಿ ದರ್ಜೆ ಇರಲಿಲ್ಲ, ಬಡ್ತಿ ಇರಲಿಲ್ಲ, ನಿವೃತ್ತಿ ಸೌಲಭ್ಯವೂ ಇರಲಿಲ್ಲ.

ಹತ್ತು ವರ್ಷದ ನಂತರ, 1911ರ ಮಾರ್ಚ್ 3ರಂದು, ಕಾನೂನು ಬದಲಾಯಿತು. ದಂತವೈದ್ಯರದೇ ಒಂದು ದಳ ಆಯಿತು. ಫಸ್ಟ್ ಲೆಫ್ಟಿನೆಂಟ್ ದರ್ಜೆ, ಅದರ ಸಂಬಳ, ಭತ್ಯೆ, ವಯಸ್ಸಾದಾಗ ಅಥವಾ ಅಂಗವೈಕಲ್ಯ ಬಂದಾಗ ನಿವೃತ್ತಿಯ ಹಕ್ಕು, ಎಲ್ಲವೂ ಸಿಕ್ಕಿತು. ಮುಖ್ಯವಾಗಿ, ಗುತ್ತಿಗೆಯಲ್ಲಿ ದುಡಿದ ವರ್ಷಗಳನ್ನೂ ಸೇವಾವಧಿ ಭತ್ಯೆಯ ಲೆಕ್ಕಕ್ಕೆ ಹಿಡಿದರು. ಆದರೂ ವೈದ್ಯರಿಗೆ ಸಮನಾದ ಬಡ್ತಿ ಬರಲಿಲ್ಲ. ಅದು ಬಂದದ್ದು ಮಹಾಯುದ್ಧದ ನಡುವೆ, 1917ರ ಅಕ್ಟೋಬರ್‌ನಲ್ಲಿ.

ಕಾಯಂ ಮಾಡುವಾಗ ಹಳೆಯ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಲು ಆಗುವುದಿಲ್ಲ ಎಂದು ಯಾರಾದರೂ ಅಂದರೆ, ನೂರು ವರ್ಷಕ್ಕೂ ಹಿಂದೆಯೇ ಒಂದು ದೇಶ ಅದನ್ನು ಮಾಡಿ ತೋರಿಸಿದೆ ಎಂದು ನಾವು ಹೇಳಬಹುದು.